ಹೋಮ್‌ಸ್ಕೂಲಿಂಗ್ ಹೊಸ ವರ್ಷ ಶುರು, ಮಗು ಮಾತ್ರ ‘ಬೇಡ’ ಅಂತಿದೆ, ಈಗ ಎಲ್ಲಿಂದ ಶುರು ಮಾಡೋದು?

ರಜೆ ಮುಗೀತಾ ಬಂತು, ಹೊಸ ಪುಸ್ತಕ ಬಂದಿದೆ, ನೀವು ರಾತ್ರಿ ಕೂತು ಟೈಮ್‌ಟೇಬಲ್ ಹಾಕಿದೀರ, ಬೆಳಗ್ಗೆ ‘ಬಾ ಪುಟ್ಟ, ಇವತ್ತಿಂದ ಓದೋಣ’ ಅಂದ್ರೆ ಮಗು ಹೊದಿಕೆ ಎಳ್ಕೊಂಡು ಆ ಕಡೆ ತಿರುಗಿ ಮಲಗತ್ತೆ. ಶಾಲೆಗೆ ಹೋಗೋ ಮಗು ಹೀಗೆ ಮಾಡಿದ್ರೆ ಅದನ್ನ ಹೊರಡಿಸೋಕೆ ಒಂದು ವ್ಯವಸ್ಥೆ ಇರತ್ತೆ, ಬಸ್ ಬರತ್ತೆ, ಬೆಲ್ ಹೊಡಿಯತ್ತೆ, ಫ್ರೆಂಡ್ಸ್ ಕಾಯ್ತಿರ್ತಾರೆ, ಸ್ವಲ್ಪ ದಿನಕ್ಕೆ ಮಗು ಹೇಗೋ ಹೊಂದ್ಕೊಳ್ಳತ್ತೆ. ಮನೇಲಿ ಅದ್ಯಾವುದೂ ಇಲ್ಲ. ಓದು ಅಂತ ಹೇಳೋರೂ ನೀವೇ, ಓದಲ್ಲ ಅಂತ ಅತ್ತಾಗ ಸಮಾಧಾನ ಮಾಡೋರೂ ನೀವೇ, ಹಾಗಾಗಿ ಪಾಠದ ಮೇಲಿರೋ ಸಿಟ್ಟು ಸೀದಾ ಅಪ್ಪ ಅಮ್ಮನ ಮೇಲೆ ಬರತ್ತೆ.

ನನ್ನ ಅಭಿಪ್ರಾಯ ಮೊದಲೇ ಹೇಳ್ಬಿಡ್ತೀನಿ. ಮೊದಲ ಎರಡು ಮೂರು ವಾರ ಪೋರ್ಷನ್ ಎಷ್ಟು ಮುಗೀತು ಅನ್ನೋದನ್ನ ಲೆಕ್ಕಕ್ಕೇ ತಗೋಬೇಡಿ. ಆ ‘ಬೇಡ’ ಯಾವುದಕ್ಕೆ ಅಂತ ಕಂಡುಹಿಡೀರಿ, ದಿನಾ ಒಂದೇ ಹೊತ್ತಿಗೆ ಜೊತೇಲಿ ಕೂರೋ ಅಭ್ಯಾಸ ವಾಪಸ್ ತನ್ನಿ, ಅಷ್ಟಾದ್ರೆ ಸಾಕು. ಒಬ್ಬರಿಗೊಬ್ಬರು ಎದುರು ಕೂತು ಕಲಿಯೋ ಕಡೆ ಪಾಠ ಬೇಗ ಸಾಗತ್ತೆ, ಹಾಜರಿ ತಗೊಳ್ಳೋದು, ಗಲಾಟೆ ನಿಲ್ಲಿಸೋದು, ಉಳಿದವರು ಬರೆದು ಮುಗಿಸೋ ತನಕ ಕಾಯೋದು ಯಾವುದೂ ಇರಲ್ಲ, ಹಾಗಾಗಿ ನಿಧಾನವಾಗಿ ಶುರು ಮಾಡಿದ್ದಕ್ಕೆ ವರ್ಷದ ಕೊನೇಲಿ ಏನೂ ಬಾಕಿ ಉಳಿಯಲ್ಲ. ಆದ್ರೆ ಮೊದಲ ವಾರವೇ ಜಗಳ ಆಡ್ಕೊಂಡು ಶುರು ಮಾಡಿದ್ರೆ ಆ ಜಗಳಾನೇ ದಿನಚರಿ ಆಗ್ಬಿಡತ್ತೆ, ಆಮೇಲೆ ಅದನ್ನ ಬಿಡಿಸೋದು ತುಂಬಾ ಕಷ್ಟ.

ಎಲ್ಲಾ ಮಕ್ಕಳ ಬಾಯಲ್ಲೂ ಬರೋದು ಒಂದೇ ಮಾತು, ‘ಬೋರು’, ‘ಬೇಡ’, ‘ನಾಳೆ ಮಾಡ್ತೀನಿ’. ಒಳಗಿರೋ ಕಾರಣ ಮಾತ್ರ ಒಂದೊಂದು ಮಗೂಗೆ ಒಂದೊಂದು.

ಮೊದಲು ನೋಡ್ಬೇಕಾಗಿರೋದು ನಿದ್ದೆ. ಇದು ತುಂಬಾ ಸಣ್ಣ ವಿಷಯ ಅನ್ಸತ್ತೆ, ಅದಕ್ಕೇ ತುಂಬಾ ಜನ ಬಿಟ್ಬಿಡ್ತಾರೆ. ಅಮೆರಿಕದ ನಿದ್ರಾ ವೈದ್ಯರ ಸಂಸ್ಥೆ 2016ರಲ್ಲಿ ಕೊಟ್ಟ ಸಲಹೆ ಪ್ರಕಾರ 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು, 13ರಿಂದ 18ರವರಿಗೆ 8ರಿಂದ 10 ಗಂಟೆ. ರಜೇಲಿ ರಾತ್ರಿ ಹನ್ನೊಂದೂವರೆಗೆ ಮಲಗಿ ರೂಢಿಯಾದ ಮಗೂನ ಆರೂವರೆಗೆ ಎಬ್ಬಿಸಿದ್ರೆ ಸಿಗೋದು ಏಳು ಗಂಟೆ, ಆ ಮಗು ಎಂಥ ಒಳ್ಳೇ ಪಾಠಕ್ಕೂ ಮುಖ ಗಂಟು ಹಾಕ್ಕೊಂಡೇ ಕೂರತ್ತೆ. ದೇಹದ ಗಡಿಯಾರ ಒಂದೇ ರಾತ್ರೀಲಿ ಹಿಂದೆ ಸರಿಯಲ್ಲ, ಎರಡು ಮೂರು ದಿನಕ್ಕೆ ಒಂದು ಹದಿನೈದು ಇಪ್ಪತ್ತು ನಿಮಿಷದ ಹಾಗೆ ಹಿಂದಕ್ಕೆ ತರಬೇಕು, ಬೆಳಗ್ಗೆ ಎದ್ದ ಕೂಡ್ಲೆ ಹೊರಗಿನ ಬೆಳಕಿಗೆ ಬಿಡ್ಬೇಕು, ರಾತ್ರಿ ಮಲಗೋ ಮುಂಚೆ ಸ್ಕ್ರೀನ್ ಬೇಗ ಬಂದ್ ಮಾಡ್ಬೇಕು. ಹದಿಹರೆಯದ ಮಕ್ಕಳ ಕಥೆ ಸ್ವಲ್ಪ ಬೇರೆ, ಆ ವಯಸ್ಸಲ್ಲಿ ನಿದ್ದೆ ಬರೋ ಹೊತ್ತೇ ಸಹಜವಾಗಿ ಮುಂದಕ್ಕೆ ಹೋಗತ್ತೆ, ಸೋಮಾರಿತನ ಅಂತ ಬೈದ್ರೆ ಏನೂ ಉಪಯೋಗ ಇಲ್ಲ. ಮನೇಲೇ ಕಲಿಸೋರಿಗೆ ಇಲ್ಲೊಂದು ದೊಡ್ಡ ಅನುಕೂಲ ಇದೆ, ಅವರಿಗೆ ಒಂಬತ್ತೂವರೆಗೋ ಹತ್ತಕ್ಕೋ ಪಾಠ ಶುರು ಮಾಡ್ಬೋದು. ಆ ಅನುಕೂಲಾನ ದಯವಿಟ್ಟು ಬಳಸ್ಕೊಳ್ಳಿ.

ಎರಡನೇದು ಮರೆವು. ಮಗು ಹೋದ ವರ್ಷ ಚೆನ್ನಾಗೇ ಮಾಡ್ತಿದ್ದ ಲೆಕ್ಕ ಈಗ ಕೈಗೆ ಬರ್ತಿಲ್ಲ ಅಂದ್ರೆ ಅದಕ್ಕೆ ನಾಚಿಕೆ ಆಗತ್ತೆ, ಆ ನಾಚಿಕೇನ ಮುಚ್ಚಿಡೋಕೆ ‘ಬೋರು’ ಅನ್ನತ್ತೆ. ಹ್ಯಾರಿಸ್ ಕೂಪರ್ ಮತ್ತು ಅವರ ಜೊತೆಗಾರರು 1996ರಲ್ಲಿ ಹಳೇ 39 ಅಧ್ಯಯನಗಳನ್ನ ಒಟ್ಟುಗೂಡಿಸಿ ನೋಡಿದಾಗ ದೊಡ್ಡ ರಜೆ ಆದ್ಮೇಲೆ ಮಕ್ಕಳು ಸರಾಸರಿ ಸುಮಾರು ಒಂದು ತಿಂಗಳಷ್ಟು ಕಲಿಕೆ ಹಿಂದೆ ಬಿದ್ದಿರ್ತಾರೆ ಅಂತ ಕಂಡಿತ್ತು, ಅದ್ರಲ್ಲೂ ಜಾಸ್ತಿ ಮರೆಯೋದು ಲೆಕ್ಕ ಮಾಡೋ ವಿಧಾನ ಮತ್ತು ಸ್ಪೆಲ್ಲಿಂಗ್. ಆಮೇಲೆ ಬಂದ ಅಧ್ಯಯನಗಳಲ್ಲಿ ಈ ಅಂಕಿ ಹೆಚ್ಚು ಕಮ್ಮಿ ಆಗಿದೆ, ಎಲ್ಲಾ ಮಕ್ಕಳಿಗೂ ಅಷ್ಟೇ ಅಂತ ಹೇಳೋಕಾಗಲ್ಲ. ಆದ್ರೆ ಕೂಡೋದು ಕಳೆಯೋದರ ಥರದ ಹಂತ ಹಂತವಾಗಿ ಮಾಡೋ ಕೆಲಸ ಅಭ್ಯಾಸ ತಪ್ಪಿದ್ರೆ ಕೈ ಬಿಟ್ಟು ಹೋಗತ್ತೆ, ಕಥೆ ಓದಿ ಅರ್ಥ ಮಾಡ್ಕೊಳ್ಳೋದು ಅಷ್ಟಾಗಿ ಹೋಗಲ್ಲ, ಇದು ಮನೇಲಿ ಗಮನಿಸಿದ್ರೂ ಗೊತ್ತಾಗತ್ತೆ. ಅದಕ್ಕೇ ಹೊಸ ಪುಸ್ತಕದ ಮೊದಲ ಪಾಠದಿಂದ ಶುರು ಮಾಡ್ಬೇಡಿ. ಹೋದ ವರ್ಷದ ಮಧ್ಯದಿಂದ, ಮಗೂಗೆ ಖಂಡಿತ ಬರೋ ಕಡೆಯಿಂದ ಶುರು ಮಾಡಿ, ಹಾಗೆ ಮಾಡ್ತಿದೀವಿ ಅಂತ ಅದಕ್ಕೆ ಹೇಳೋದೂ ಬೇಡ. ನಾಲ್ಕು ದಿನ ಎಲ್ಲಾ ಸರಿ ಬಂತು ಅಂದ್ರೆ ಮುಖದಲ್ಲೇ ಕಾಣತ್ತೆ.

ಮೂರನೇದು ಭಯ, ಅದ್ರಲ್ಲೂ ಗಣಿತದ ಭಯ. ಹೆದರಿದಾಗ ತಲೇಲಿ ಆ ಕ್ಷಣಕ್ಕೆ ವಿಷಯ ಹಿಡಿದಿಟ್ಕೊಳ್ಳೋ ಜಾಗಾನ ಆ ಹೆದರಿಕೇನೇ ತುಂಬ್ಕೊಂಡ್ಬಿಡತ್ತೆ, ದಶಕ ತಗೊಳ್ಳೋದು ಎಲ್ಲಿ, ಯಾವುದನ್ನ ಕೆಳಗಿಳಿಸ್ಬೇಕು ಅಂತ ನೆನಪಿಡೋಕೆ ಜಾಗ ಉಳಿಯಲ್ಲ, ಮಗೂಗೆ ಬರೋ ಲೆಕ್ಕಾನೂ ತಪ್ಪಾಗತ್ತೆ, ತಪ್ಪಾದ್ಮೇಲೆ ಭಯ ಇನ್ನೂ ಜಾಸ್ತಿ. ಇನ್ನೊಂದು ವಿಷಯ ಪೋಷಕರು ತಿಳ್ಕೊಳ್ಳಲೇಬೇಕು. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಒಂದನೇ ಎರಡನೇ ತರಗತಿ ಮಕ್ಕಳನ್ನ ನೋಡಿದ್ರು, ಗಣಿತ ಅಂದ್ರೆ ಹೆದರೋ ಅಪ್ಪ ಅಮ್ಮ ಪದೇ ಪದೇ ಹೋಮ್‌ವರ್ಕ್‌ಗೆ ಸಹಾಯ ಮಾಡ್ತಿದ್ದ ಕಡೆ ಮಕ್ಕಳು ಆ ವರ್ಷ ಗಣಿತ ಕಮ್ಮಿ ಕಲಿತಿದ್ರು, ಮಕ್ಕಳ ಭಯಾನೂ ಜಾಸ್ತಿಯಾಗಿತ್ತು. ಅಂದ್ರೆ ನಿಮಗೆ ಗಣಿತ ಕಷ್ಟ ಅನ್ಸೋದಾದ್ರೆ ‘ಅಯ್ಯೋ ನಂಗೂ ಇದು ಬರ್ತಿರ್ಲಿಲ್ಲ ಬಿಡು’ ಅನ್ನೋ ಸಮಾಧಾನದ ಮಾತು ಕೂಡ ಬೇಡ, ಆ ಒಂದು ವಿಷಯಾನ ಮನೇಲಿ ಗಣಿತ ಇಷ್ಟ ಇರೋರು ಯಾರಾದ್ರೂ ಮಾಡ್ಲಿ, ಅಣ್ಣ, ಅತ್ತೆ, ತಾತ, ಯಾರಾದ್ರೂ ಸರಿ.

ಭಯ ಹೇಗಿರತ್ತೆ ಅಂತ ಹತ್ತಿರದಿಂದ ನೋಡಿ. ಎಂಟು ವರ್ಷದ ಹುಡುಗಿ, ಎದುರಿಗೆ ಭಾಗಾಕಾರದ ಹನ್ನೆರಡು ಲೆಕ್ಕ ಇರೋ ಒಂದು ಪುಟ. ಅವಳು ಮೊದಲು ಪೆನ್ಸಿಲ್ ಚೂಪು ಮಾಡ್ತಾಳೆ, ಮುಳ್ಳು ಮುರಿಯತ್ತೆ, ಮತ್ತೆ ಚೂಪು ಮಾಡ್ತಾಳೆ. ನೀರು ಬೇಕು ಅಂತ ಎದ್ದು ಹೋಗ್ತಾಳೆ. ಬಂದು ಮೊದಲ ಲೆಕ್ಕದ ಒಂದು ಅಂಕಿ ಬರೀತಾಳೆ, ರಬ್ಬರ್‌ನಿಂದ ಉಜ್ಜುತಾಳೆ, ಹಾಳೆ ಹರಿದು ಹೋಗೋವಷ್ಟು ಉಜ್ಜುತಾಳೆ. ಆಮೇಲೆ ‘ಈ ಪೆನ್ಸಿಲ್ಲೇ ಸರಿ ಇಲ್ಲ’ ಅಂತ ಅಳು. ನೋಡೋರಿಗೆ ಇದು ನಾಟಕ ಅನ್ಸತ್ತೆ. ಅವಳ ಕಣ್ಣಿಗೆ ಕಾಣ್ತಿರೋದು ಹನ್ನೆರಡು ಸಲ ತಪ್ಪಾಗೋ ಸಾಧ್ಯತೆ. ಈಗ ಒಂದು ಬಿಳಿ ಹಾಳೆ ತಗೊಂಡು ಪುಟದ ಕೆಳಭಾಗ ಮುಚ್ಚಿ, ಮೂರೇ ಲೆಕ್ಕ ಕಾಣೋ ಹಾಗೆ. ಮೊದಲನೇದನ್ನ ನೀವೇ ಗಟ್ಟಿಯಾಗಿ ಹೇಳ್ತಾ ಪೂರ್ತಿ ಮಾಡಿ ತೋರ್ಸಿ, ಎರಡನೇದ್ರಲ್ಲಿ ಅವಳು ಹೇಳ್ಲಿ ನೀವು ಬರೀರಿ, ಮೂರನೇದು ಅವಳದ್ದು. ಅಲ್ಲಿಗೆ ಗಣಿತ ಮುಗೀತು ಇವತ್ತಿಗೆ, ಪುಸ್ತಕ ಮುಚ್ಚಿ. ‘ಅಷ್ಟೇನಾ?’ ಅಂತ ಕೇಳ್ತಾಳೆ. ಹೌದು ಅಷ್ಟೇ. ಹೇಗಿದ್ರೂ ಬಂತಲ್ಲ ಇನ್ನೊಂದು ನಾಲ್ಕು ಮಾಡು ಅನ್ನೋ ಆಸೆ ಆ ಕ್ಷಣದಲ್ಲಿ ತುಂಬಾ ಬರತ್ತೆ, ಅದನ್ನ ತಡ್ಕೊಳ್ಳಿ, ಯಾಕಂದ್ರೆ ನೀವು ಹೇಳಿದ ಮಾತು ನಿಜ ಅಂತ ಅವಳಿಗೆ ಗೊತ್ತಾಗ್ಬೇಕಾಗಿರೋದು ಈ ಮೊದಲ ವಾರದಲ್ಲೇ.

ನಾಲ್ಕನೇ ಕಾರಣ ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡದು. ರಜೇಲಿ ಮಗೂನ ಹೊತ್ತು ಮಗೂದಾಗಿರತ್ತೆ, ಪಾಠ ಶುರುವಾದ ಕೂಡ್ಲೆ ಬೆಳಗ್ಗಿಂದ ಸಂಜೆ ತನಕ ಎಲ್ಲಾನೂ ಬೇರೆಯವರು ತೀರ್ಮಾನ ಮಾಡಿರ್ತಾರೆ. ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಅನ್ನೋ ಮನಶ್ಶಾಸ್ತ್ರಜ್ಞರು ದಶಕಗಟ್ಟಲೆ ಇದರ ಮೇಲೇ ಕೆಲಸ ಮಾಡಿದಾರೆ, ಮನುಷ್ಯ ಒಂದು ಕೆಲಸಾನ ತಾನಾಗೇ ಮನಸ್ಸಿಟ್ಟು ಮಾಡ್ಬೇಕು ಅಂದ್ರೆ ಅದ್ರಲ್ಲಿ ತನ್ನ ಮಾತೂ ನಡೀಬೇಕು, ತನ್ನ ಕೈಲಿ ಆಗತ್ತೆ ಅನ್ನಿಸ್ಬೇಕು, ಜೊತೇಲಿರೋರು ತನ್ನೋರು ಅನ್ನಿಸ್ಬೇಕು, ಅವರ ಸಿದ್ಧಾಂತದ ತಿರುಳು ಇಷ್ಟು. ಹಠ ಮಾಡೋ ಮಗೂನ ಈ ಮೂರಕ್ಕೆ ಹಿಡಿದು ನೋಡಿ, ಯಾವುದೋ ಒಂದು ಕಡೆ ಕೊರತೆ ಕಾಣತ್ತೆ.

ಮಾತು ನಡೀಬೇಕು ಅಂದ್ರೆ ‘ಓದ್ತೀಯೋ ಇಲ್ವೋ’ ಅಂತ ಕೇಳೋದಲ್ಲ. ಅದನ್ನ ಕೇಳಿದ್ರೆ ‘ಇಲ್ಲ’ ಅನ್ನತ್ತೆ, ಆಗ ನೀವು ಮತ್ತೆ ಒತ್ತಾಯ ಮಾಡ್ಬೇಕು, ಕೇಳಿದ್ದೇ ಸುಳ್ಳು ಅಂತ ಆಯ್ತು. ಓದೋದು ಇದ್ದೇ ಇರತ್ತೆ, ಎಲ್ಲಿ ಕೂತು, ಯಾವುದು ಮೊದಲು, ಬರೆದು ತೋರ್ಸೋದೋ ಬಾಯಲ್ಲಿ ಹೇಳೋದೋ, ಯಾವ ಪುಸ್ತಕ, ಇವೆಲ್ಲ ಮಗೂಗೆ ಬಿಡಿ. ಸಣ್ಣ ಮಕ್ಕಳಿಗೆ ಎರಡರಲ್ಲಿ ಒಂದು ಆರಿಸ್ಕೋ ಅನ್ನಿ ಸಾಕು, ಹತ್ತು ಇಟ್ರೆ ಅದಕ್ಕೂ ಅಳ್ತಾವೆ.

ಸ್ವಲ್ಪ ದೊಡ್ಡ ಮಕ್ಕಳಿಗೆ ಇದು ಚೆನ್ನಾಗಿ ಕೆಲಸ ಮಾಡತ್ತೆ: ಹೋದ ವರ್ಷ ಮಾಡಿದ್ದನ್ನೆಲ್ಲ ಸಣ್ಣ ಸಣ್ಣ ಚೀಟಿಗಳಲ್ಲಿ ಬರೀರಿ, ‘ಗಟ್ಟಿಯಾಗಿ ಓದೋದು’, ‘ಮಗ್ಗಿ’, ‘ಪ್ರಬಂಧ’, ‘ಮ್ಯಾಪ್ ಬಿಡಿಸೋದು’, ‘ವಿಡಿಯೋ ನೋಡಿ ಉತ್ತರ ಬರೆಯೋದು’, ‘ಡಿಕ್ಟೇಶನ್’, ‘ಪ್ರಯೋಗ ಮಾಡೋದು’, ಹೀಗೆ. ಮಗನಿಗೆ ಕೊಟ್ಟು ಇಷ್ಟ ಇದ್ದದ್ದು, ಪರವಾಗಿಲ್ಲ ಅನ್ನಿಸಿದ್ದು, ಬೇಡವೇ ಬೇಡ ಅನ್ನಿಸಿದ್ದು ಅಂತ ಮೂರು ಗುಡ್ಡೆ ಹಾಕು ಅನ್ನಿ, ನೀವು ಮಧ್ಯ ಬಾಯಿ ಹಾಕ್ಬೇಡಿ. ‘ಯಾಕೋ ಓದಲ್ಲ ಅಂತೀಯ’ ಅಂತ ಕೇಳಿದ್ರೆ ‘ಸುಮ್ನೆ’ ಅನ್ನೋ ಹುಡುಗ ಚೀಟಿ ಹಾಕುವಾಗ ಎಲ್ಲಾ ಹೇಳ್ತಾನೆ, ‘ಪ್ರಬಂಧ ಓಕೆ ಅಮ್ಮ, ಆದ್ರೆ ನೀನು ಕೆಂಪು ಪೆನ್ನಲ್ಲಿ ಎಲ್ಲಾ ಗೀಚ್ತೀಯಲ್ಲ ಅದು ಬೇಡ’ ಅಂತಾನೆ. ಆ ಒಂದು ಮಾತಿಗೋಸ್ಕರ ಈ ಕೆಲಸ. ಬೇಡದ ಗುಡ್ಡೇಲಿರೋದನ್ನೆಲ್ಲ ತೆಗೆದು ಹಾಕೋಕಾಗಲ್ಲ, ಮಗ್ಗಿ ಬೇಡ ಅಂದ್ರೂ ಬೇಕೇ ಬೇಕು, ಆದ್ರೆ ಅದ್ರಿಂದ ಒಂದನ್ನಾದ್ರೂ ಅವನೆದುರಿಗೇ ತೆಗೀರಿ ಅಥವಾ ಮಾಡೋ ರೀತಿ ಬದಲಾಯಿಸಿ. ಹೇಳಿದ್ರೆ ಏನಾದ್ರೂ ಬದಲಾಗತ್ತೆ ಅಂತ ಗೊತ್ತಾದ ಮೇಲೆ ಮಕ್ಕಳು ಹಠಕ್ಕಿಂತ ಮಾತನ್ನೇ ಜಾಸ್ತಿ ಬಳಸ್ತಾರೆ.

ಒಂಟಿತನಾನೂ ಒಂದು ಕಾರಣ, ಪಾಠ ಶುರುವಾದ್ರೆ ಆಟದ ಜೊತೆಗಾರರು ಸಿಗಲ್ಲ ಅನ್ನೋ ಸಂಕಟ ಕೆಲವು ಮಕ್ಕಳಿಗೆ ಇರತ್ತೆ. ಅದಕ್ಕೆ ಮದ್ದು ಟೈಮ್‌ಟೇಬಲ್‌ನಲ್ಲೇ ಇರ್ಬೇಕು, ವಾರದಲ್ಲಿ ಇಂಥ ದಿನ ಇಂಥವರ ಜೊತೆ ಅಂತ ಗೋಡೆ ಮೇಲೆ ಬರೆದು ಹಾಕಿ, ನೋಡೋಣ ಅನ್ಬೇಡಿ.

ಶಾಲೆ ಬಿಡಿಸಿ ಇದೇ ಮೊದಲ ಸಲ ಮನೇಲಿ ಕಲಿಸ್ತಿದೀರ ಅಂದ್ರೆ ಇನ್ನೂ ತಾಳ್ಮೆ ಬೇಕು. ಶಾಲೆ ರೂಢಿಯಿಂದ ಹೊರಗೆ ಬರೋಕೆ ಮಗೂಗೆ ಕೊಡೋ ಬಿಡುವಿಗೆ ಹೋಮ್‌ಸ್ಕೂಲ್ ಮಾಡೋರು ಡೀಸ್ಕೂಲಿಂಗ್ ಅಂತಾರೆ, ಶಾಲೇಲಿ ಕಳೆದ ಒಂದೊಂದು ವರ್ಷಕ್ಕೆ ಒಂದೊಂದು ತಿಂಗಳು ಬಿಡುವು ಕೊಡಿ ಅನ್ನೋ ಮಾತು ಎಲ್ಲಾ ಕಡೆ ಓಡಾಡ್ತಿದೆ. ಅದು ಅನುಭವಸ್ಥರ ಅಂದಾಜು ಅಷ್ಟೇ, ವಿಜ್ಞಾನದ ಲೆಕ್ಕ ಅಂತ ತಿಳ್ಕೊಂಡು ಕ್ಯಾಲೆಂಡರ್ ಮೇಲೆ ಗುರುತು ಹಾಕ್ತಾ ಕೂರ್ಬೇಡಿ. ಅಲ್ಲಿ ಬೈಸ್ಕೊಂಡೋ ಬೇರೆ ಮಕ್ಕಳಿಂದ ಹಿಂಸೆ ಪಟ್ಟೋ ಬಂದ ಮಗೂಗೆ ಜಾಸ್ತಿ ದಿನ ಬೇಕಾಗತ್ತೆ, ಸುಮ್ನೆ ಮನೆ ಬದಲಾಯಿಸಿದ್ದಕ್ಕೆ ಬಿಟ್ಟಿದ್ದಾದ್ರೆ ಕಮ್ಮಿ ಸಾಕು. ಬಿಡುವು ಅಂದ್ರೆ ಇಡೀ ದಿನ ಸ್ಕ್ರೀನ್ ಮುಂದೆ ಅಂತಲೂ ಅಲ್ಲ, ಜೊತೇಲಿ ಕಥೆ ಓದೋದು, ಏನಾದ್ರೂ ಕಟ್ಟೋದು, ಗಿಡ ನೆಡೋದು, ಅಡುಗೇಲಿ ಅಳತೆ ಹಾಕೋದು ಇವೆಲ್ಲ ನಡೀತಾ ಇರ್ಬೇಕು. ಹೊಸದೇನಾದ್ರೂ ಮಗು ತಾನಾಗೇ ಕೇಳೋಕೆ ಶುರು ಮಾಡಿದ್ರೆ ಅಲ್ಲಿಂದ ಪಾಠ ಹಿಡೀಬೋದು.

ಇನ್ನು ದಿನಚರಿ. ಮೊದಲ ದಿನವೇ ಎಲ್ಲಾ ಸಬ್ಜೆಕ್ಟ್ ಬೇಡ. ಮೊದಲ ವಾರ ಮಗೂಗೆ ತುಂಬಾ ಇಷ್ಟ ಇರೋದು ಒಂದು ಮತ್ತು ದಿನಾ ಬೇಕೇ ಬೇಕಾಗಿರೋ ಒಂದು, ಇಷ್ಟೇ. ಸಣ್ಣ ಮಕ್ಕಳಿಗೆ ಹತ್ತು ಹದಿನೈದು ನಿಮಿಷದ ಪಾಠ, ಹತ್ತು ವರ್ಷ ದಾಟಿದವರಿಗೆ ಇಪ್ಪತ್ತೈದು ಮೂವತ್ತು ನಿಮಿಷ, ಮಧ್ಯ ಎದ್ದು ಓಡಾಡೋ ಬಿಡುವು. ಮಗು ಇನ್ನೂ ಉತ್ಸಾಹದಲ್ಲಿರುವಾಗ್ಲೇ ನಿಲ್ಲಿಸಿ, ಸುಸ್ತಾಗೋ ತನಕ ಎಳೀಬೇಡಿ, ನಾಳೆ ಕರೆದಾಗ ನೆನಪಿಗೆ ಬರೋದು ಇವತ್ತು ಮುಗಿದ ರೀತಿ. ಎರಡನೇ ವಾರ ಇನ್ನೊಂದು ಸೇರ್ಸಿ, ಮೂರನೇ ವಾರ ಮತ್ತೊಂದು. ಸೇರ್ಸಿದ ವಾರ ಹಠ ಮತ್ತೆ ಜೋರಾದ್ರೆ ಅದನ್ನ ಸೇರ್ಸಿದ್ದು ಬೇಗ ಆಯ್ತು ಅಂತ, ಒಂದು ವಾರ ಹಿಂದೆ ಸರೀರಿ.

ಪಾಠಾನ ಗಡಿಯಾರಕ್ಕೆ ಕಟ್ಟೋದಕ್ಕಿಂತ ದಿನಾ ಹೇಗೂ ನಡಿಯೋ ಯಾವುದಾದ್ರೂ ಕೆಲಸಕ್ಕೆ ಕಟ್ಟಿ, ಉದಾಹರಣೆಗೆ ತಿಂಡಿ ಆಗಿ ತಟ್ಟೆ ತೊಳೆದಿಟ್ಟ ಕೂಡ್ಲೆ ಕೂರೋದು ಅಂತ. ಆಗ ಪಾಠಕ್ಕೆ ಬಾ ಅಂತ ಕರಿಯೋ ಮಾತೇ ಕಮ್ಮಿಯಾಗತ್ತೆ, ಅರ್ಧ ಜಗಳ ಆ ಕರಿಯೋದರಲ್ಲೇ ಇರೋದು. ಅಭ್ಯಾಸ 21 ದಿನಕ್ಕೆ ಬರತ್ತೆ ಅಂತ ಹೇಳೋದನ್ನ ನಂಬ್ಕೊಂಡು 22ನೇ ದಿನ ನಿರಾಸೆ ಆಗ್ಬೇಡಿ. ಲಂಡನ್‌ನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಜೊತೆಗಾರರು 96 ಜನ ದೊಡ್ಡವರ ಮೇಲೆ ಮಾಡಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಹೊಸ ಅಭ್ಯಾಸ ತಾನಾಗೇ ನಡಿಯೋ ಹಾಗಾಗೋಕೆ ಸಾಮಾನ್ಯವಾಗಿ 66 ದಿನ ಹಿಡಿದಿತ್ತು, ಕೆಲವರಿಗೆ 18 ದಿನ, ಕೆಲವರಿಗೆ ಅಂದಾಜು 254. ಅದ್ರಲ್ಲಿ ನಮಗೆ ಬೇಕಾಗಿರೋ ಇನ್ನೊಂದು ವಿಷಯ ಇದೆ, ಮಧ್ಯ ಒಂದು ದಿನ ತಪ್ಪಿದ್ರೆ ಅಭ್ಯಾಸ ಬೆಳೆಯೋದಕ್ಕೆ ಹೇಳ್ಕೊಳ್ಳೋವಂಥ ತೊಂದರೆ ಏನೂ ಆಗಿರ್ಲಿಲ್ಲ. ಹಾಗಾಗಿ ಜ್ವರ ಬಂತು, ನೆಂಟರು ಬಂದ್ರು, ಒಂದು ದಿನ ಹೋಯ್ತು ಅಂದ್ರೆ ಮರುದಿನ ಎರಡರಷ್ಟು ಹೇರೋದು ಬೇಡ, ಮಾಮೂಲಿ ಪಾಠ ಮಾಡಿ ಸಾಕು.

ಬಹುಮಾನದ ಬಗ್ಗೆ ಎಲ್ಲರೂ ಕೇಳ್ತಾರೆ. ‘ಒಂದು ಪಾಠ ಓದಿದ್ರೆ ಅರ್ಧ ಗಂಟೆ ಗೇಮ್’ ಅನ್ನೋದು ಮೊದಲ ದಿನ ತುಂಬಾ ಚೆನ್ನಾಗಿ ನಡಿಯತ್ತೆ. 1973ರಲ್ಲಿ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಮೂರು ಜನ ಸೇರಿ ಒಂದು ಪ್ರಯೋಗ ಮಾಡಿದ್ರು, ಸ್ಕೆಚ್ ಪೆನ್ನಲ್ಲಿ ಚಿತ್ರ ಬಿಡಿಸೋದು ಮೊದಲೇ ಇಷ್ಟ ಇದ್ದ ಶಿಶುವಿಹಾರದ ಮಕ್ಕಳಲ್ಲಿ ಕೆಲವರಿಗೆ ಬಿಡಿಸಿದ್ರೆ ಸರ್ಟಿಫಿಕೇಟ್ ಕೊಡ್ತೀವಿ ಅಂತ ಮುಂಚೇನೇ ಹೇಳಿದ್ರು, ಕೆಲವರಿಗೆ ಹೇಳದೆ ಆಮೇಲೆ ಕೊಟ್ರು, ಕೆಲವರಿಗೆ ಕೊಡಲೇ ಇಲ್ಲ. ಒಂದೆರಡು ವಾರ ಆದ್ಮೇಲೆ ಸುಮ್ನೆ ಆಟದ ಹೊತ್ತಲ್ಲಿ ನೋಡಿದ್ರೆ ಮುಂಚೇನೇ ಆಸೆ ತೋರ್ಸಿದ್ದ ಗುಂಪಿನ ಮಕ್ಕಳು ಚಿತ್ರಕ್ಕೆ ಕೊಡ್ತಿದ್ದ ಹೊತ್ತು ಉಳಿದವರದ್ದರ ಸುಮಾರು ಅರ್ಧಕ್ಕೆ ಇಳಿದಿತ್ತು, ಹೇಳದೇ ಕೊಟ್ಟ ಮಕ್ಕಳಲ್ಲಿ ಆಸಕ್ತಿ ಕಮ್ಮಿಯಾಗಿರ್ಲಿಲ್ಲ. ಅದಕ್ಕೇ ನಾನು ಹೇಳೋದು, ಮಗೂಗೆ ಇಷ್ಟ ಇರೋ ವಿಷಯಕ್ಕೆ ಯಾವತ್ತೂ ಬಹುಮಾನ ಕಟ್ಬೇಡಿ, ಇರೋ ಇಷ್ಟಾನೂ ಹೋಗತ್ತೆ. ಒಂಚೂರೂ ಇಷ್ಟ ಇಲ್ಲದ ಕೆಲಸಕ್ಕೆ ಸ್ವಲ್ಪ ದಿನ ಊರುಗೋಲಿನ ಹಾಗೆ ಬಳಸಿದ್ರೆ ತಪ್ಪಿಲ್ಲ, ಆದ್ರೆ ದಿನದ ಕ್ರಮಾನೇ ಸಹಾಯಕ್ಕೆ ಬರುವಾಗ ಅದರ ಅಗತ್ಯ ಅಷ್ಟಾಗಿ ಬೀಳಲ್ಲ, ಕಷ್ಟದ ಪಾಠ ಮೊದಲು, ಅದರ ಹಿಂದೇನೇ ಮಗು ತಾನಾಗೇ ಮಾಡೋ ಇಷ್ಟದ ಕೆಲಸ, ಇದನ್ನ ಲಂಚದ ಥರ ಹೇಳೋದೂ ಬೇಡ, ದಿನಾ ಹಾಗೇ ಜೋಡಿಸಿದ್ರೆ ಸಾಕು.

ಎಷ್ಟೇ ಜೋಡಿಸಿದ್ರೂ ಕೆಲವು ಬೆಳಗ್ಗೆ ಸಿಡಿಯತ್ತೆ. ಪುಸ್ತಕ ಎಸೀತಾನೆ, ಬಾಗಿಲು ಹಾಕ್ಕೊತಾಳೆ. ಆ ಹೊತ್ತಲ್ಲಿ ಬುದ್ಧಿ ಹೇಳೋದು ವ್ಯರ್ಥ, ಅಷ್ಟು ಸಿಟ್ಟಲ್ಲಿರೋ ತಲೆಗೆ ಮಾತು ಇಳಿಯಲ್ಲ. ‘ಇವತ್ತು ಕಷ್ಟ ಆಗ್ತಿದೆ ಅಲ್ವಾ, ಸ್ವಲ್ಪ ಹೊತ್ತು ಬಿಡೋಣ ಕಂದ, ಆಮೇಲೆ ಇದೊಂದು ಪುಟ ಜೊತೇಲಿ ನೋಡೋಣ’ ಅನ್ನಿ, ಅಂದ ಮೇಲೆ ನಿಜವಾಗ್ಲೂ ಆಮೇಲೆ ಆ ಒಂದು ಪುಟ ನೋಡಿ. ಪೂರ್ತಿ ಬಿಟ್ರೆ ಅತ್ತರೆ ಪಾಠ ಇಲ್ಲ ಅಂತ ಕಲಿಯತ್ತೆ, ಪೂರ್ತಿ ಮಾಡಿಸಿದ್ರೆ ತನ್ನ ಕಷ್ಟ ಯಾರಿಗೂ ಕಾಣ್ತಿಲ್ಲ ಅನ್ಕೊಳ್ಳತ್ತೆ, ಕಮ್ಮಿ ಮಾಡಿ ಮುಗಿಸೋದೇ ಸರಿ. ಮತ್ತೆ ಪಾಠದ ಹೊತ್ತಿನ ಸಿಟ್ಟನ್ನ ಊಟದ ಹೊತ್ತಿಗೆ ತರ್ಬೇಡಿ. ದಿನಾ ಒಂದಿಷ್ಟು ಹೊತ್ತು ಪಾಠದ ಸುದ್ದೀನೇ ಎತ್ತದೆ ಮಗು ಜೊತೆ ಆಡಿ, ಅದಕ್ಕೆ ನೀವು ಮೇಷ್ಟ್ರಾಗೋದಕ್ಕಿಂತ ಮುಂಚಿನ ಅಪ್ಪ ಅಮ್ಮನಾಗಿ ಸಿಗ್ಬೇಕು.

ಆರೇಳು ವಾರ ಇಷ್ಟೆಲ್ಲ ಮಾಡಿದ್ರೂ ಹಠ ಒಂಚೂರೂ ಕಮ್ಮಿಯಾಗಿಲ್ಲ ಅಂದ್ರೆ ಬೇರೆ ಏನೋ ಇದೆಯಾ ಅಂತ ನೋಡ್ಬೇಕು. ಓದೋಕೆ ಮಾತ್ರ ಒಲ್ಲೆ ಅನ್ನೋದು, ಕಥೆ ಹೇಳಿದ್ರೆ ಕೂತು ಕೇಳೋದು, ಸಾಲು ತಪ್ಪೋದು, ಗೊತ್ತಿರೋ ಪದಾನೇ ಪ್ರತಿ ಸಲ ಹೊಸದಾಗಿ ಕೂಡಿಸಿ ಓದೋದು ಇದ್ರೆ ಡಿಸ್ಲೆಕ್ಸಿಯಾ, ಅಂದ್ರೆ ಅಕ್ಷರ ಗುರುತಿಸಿ ಓದೋದ್ರಲ್ಲೇ ಆಗೋ ತೊಂದರೆ, ಇರ್ಬೋದು. ಪುಸ್ತಕ ಮೂಗಿಗೆ ಹತ್ತಿರ ಹಿಡಿಯೋದು, ಓದುವಾಗ ತಲೆನೋವು ಅಂದ್ರೆ ಕಣ್ಣು ತೋರ್ಸಿ, ಕರೆದಿದ್ದು ಕೇಳಿಸ್ಕೊಳ್ಳಲ್ಲ ಅಂದ್ರೆ ಕಿವಿ. ಪಾಠದ ಹೊತ್ತಿಗೆ ಮಾತ್ರ ಹೊಟ್ಟೆನೋವು ಬರೋದು ಆತಂಕದಿಂದಲೂ ಆಗತ್ತೆ, ಮಗೂಗೆ ಆ ನೋವು ನಿಜವೇ, ನೆಪ ಅಂತ ತಳ್ಳಿ ಹಾಕ್ಬೇಡಿ. ಮೊದಲು ಇಷ್ಟ ಇದ್ದ ಆಟ, ಫ್ರೆಂಡ್ಸ್ ಎಲ್ಲದರ ಮೇಲೂ ಆಸಕ್ತಿ ಹೋಗಿದೆ, ನಿದ್ದೆ ಊಟ ಕೆಟ್ಟಿದೆ ಅಂದ್ರೆ ಆರು ವಾರ ಕಾಯೋದೂ ಬೇಡ, ಕೂಡ್ಲೆ ಮಕ್ಕಳ ಡಾಕ್ಟರ್ ಹತ್ರ ಹೋಗಿ. ಹೋಗುವಾಗ ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಪಾಠಕ್ಕೆ, ಮಗು ಏನಂತು ಅಂತ ಒಂದೆರಡು ವಾರ ಬರೆದಿಟ್ಟಿದ್ದನ್ನ ತಗೊಂಡು ಹೋಗಿ, ‘ಓದೋದೇ ಇಲ್ಲ ಡಾಕ್ಟ್ರೇ’ ಅಂತ ಹೇಳೋದಕ್ಕಿಂತ ಅದ್ರಿಂದ ಅವರಿಗೆ ಎಷ್ಟೋ ಜಾಸ್ತಿ ಗೊತ್ತಾಗತ್ತೆ.